ಅಕ್ಷರ ಮಿದುಳಿಗೆ ಇಳಿಯುವ ದಾರಿ: ಮಗುವಿಗೆ ಕನ್ನಡ ಓದು ಕಲಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ತಂಗಿಯ ಮಗಳು ಒಂದನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಪಾಠ ಓದಿ ತೋರಿಸುತ್ತೇನೆಂದು ಪುಸ್ತಕ ಹಿಡಿದು ಬಂದು ಕುಳಿತಳು. ಬೆರಳಿಟ್ಟು, ರಾಗವಾಗಿ, ಒಂದೂ ತಪ್ಪಿಲ್ಲದೆ ಓದಿದಳು. ತಂಗಿಯ ಮುಖ ಅರಳಿತು. ನನಗೆ ಅನುಮಾನ ಬಂದದ್ದು ಪುಟ ಮುಗಿಯುವಾಗ. ಬಾಯಿ ಮುಂದಿನ ಪುಟದ ಎರಡು ಸಾಲು ದಾಟಿತ್ತು, ಬೆರಳು ಇನ್ನೂ ಹಿಂದಿನ ಪುಟದಲ್ಲೇ ಇತ್ತು. ನಡುವಿನ ಒಂದು ಪದ ಮಾತ್ರ ಕಾಣುವಂತೆ ಉಳಿದದ್ದನ್ನು ಅಂಗೈಯಿಂದ ಮುಚ್ಚಿ "ಇದೇನು ಪುಟ್ಟಿ?" ಎಂದೆ. ಅವಳು ಸೂರು ನೋಡಿದಳು. ತುಟಿ ಅಲುಗುತ್ತಿತ್ತು. ಪಾಠವನ್ನು ಮೊದಲಿನಿಂದ ಹೇಳಿಕೊಳ್ಳುತ್ತಾ ಬಂದು ಆ ಪದದ ಹತ್ತಿರ ನಿಲ್ಲಲು ನೋಡುತ್ತಿದ್ದಳು. ಕೊನೆಗೆ "ಮರೆತುಹೋಯಿತು ದೊಡ್ಡಮ್ಮ" ಎಂದಳು.

ಹದಿನೆಂಟು ವರ್ಷದಿಂದ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿರುವ ನನಗೆ ಇದು ಹೊಸದಲ್ಲ. ಅ ದಿಂದ ಳ ವರೆಗೆ ಉಸಿರು ಬಿಡದೆ ಹೇಳುವ, ಪಾಠವನ್ನು ಮಂತ್ರದಂತೆ ಒಪ್ಪಿಸುವ, ಆದರೆ ಹೊಸ ಪದವೊಂದನ್ನು ಕಂಡರೆ ಬೆದರುವ ಮಕ್ಕಳು ಪ್ರತಿ ವರ್ಷವೂ ಬರುತ್ತಾರೆ. ಅವರಿಗೆ ಬುದ್ಧಿ ಕಡಿಮೆ ಇಲ್ಲ. ಓದುವ ಮಿದುಳು ಕಟ್ಟಿಕೊಳ್ಳುವ ಮೊದಲೇ ನಾವು ಬಾಯಿಗೆ ಕೆಲಸ ಕೊಟ್ಟುಬಿಟ್ಟಿರುತ್ತೇವೆ, ಅಷ್ಟೇ.

ಮೊದಲು, ಒಳಗೆ ನಡೆಯುವುದೇನು

ಮಾತನ್ನು ಯಾರೂ ಪಾಟಿ ಹಿಡಿದು ಕಲಿಸುವುದಿಲ್ಲ. ಸುತ್ತ ಮಾತಾಡುವವರಿದ್ದರೆ ಸಾಕು, ಮಗು ಮಾತು ಕಲಿಯುತ್ತದೆ. ಓದು ಹಾಗಲ್ಲ. ಬರವಣಿಗೆ ಹುಟ್ಟಿ ಸುಮಾರು 5000 ವರ್ಷವಾಗಿದೆ. ಓದಿಗೆಂದೇ ಒಂದು ಅಂಗ ಬೆಳೆಯಲು ಮಿದುಳಿಗೆ ಅಷ್ಟು ಕಾಲ ಏನೇನೂ ಸಾಲದು. ಹಾಗಾಗಿ ಪ್ರತಿ ಮಗುವೂ ಬೇರೆ ಕೆಲಸಕ್ಕಿದ್ದ ಜಾಗವನ್ನು ಓದಿಗೆ ಒಗ್ಗಿಸಿಕೊಳ್ಳಬೇಕು.

ಆ ಜಾಗದ ಸುಳಿವು ಸಿಕ್ಕಿದ್ದು ಒಬ್ಬ ರೋಗಿಯಿಂದ. 1887ರಲ್ಲಿ ಪ್ಯಾರಿಸ್ಸಿನ ಗೃಹಸ್ಥರೊಬ್ಬರಿಗೆ ಇದ್ದಕ್ಕಿದ್ದಂತೆ ಓದಲು ಬಾರದಾಯಿತು. ಕಣ್ಣು ಸರಿಯಿತ್ತು, ಮಾತು ಸರಿಯಿತ್ತು, ಬರೆಯಲೂ ಬರುತ್ತಿತ್ತು. ತಾವೇ ಬರೆದದ್ದನ್ನು ಓದಲು ಮಾತ್ರ ಆಗುತ್ತಿರಲಿಲ್ಲ. ವೈದ್ಯ ಜೂಲ್ ದೆಜೆರಿನ್ 1892ರಲ್ಲಿ ಈ ಪ್ರಕರಣವನ್ನು ವರದಿ ಮಾಡಿದರು. ಪೆಟ್ಟು ಬಿದ್ದಿದ್ದದ್ದು ಎಡಮಿದುಳಿನ ಹಿಂಭಾಗಕ್ಕೆ. ಇಂದು ಸ್ಕ್ಯಾನರುಗಳು ಎಡಮಿದುಳಿನ ತಳದಲ್ಲಿ, ಹಿಂದುಗಡೆಗೆ, ಓದು ಕಲಿತವರಲ್ಲಿ ಅಕ್ಷರ ಕಂಡೊಡನೆ ಚುರುಕಾಗುವ ಒಂದು ಪುಟ್ಟ ಪಟ್ಟಿಯನ್ನು ತೋರಿಸುತ್ತವೆ. ಲಿಪಿ ಯಾವುದೇ ಇರಲಿ, ಜಾಗ ಹೆಚ್ಚುಕಡಿಮೆ ಅದೇ. ಇದನ್ನು ಅಕ್ಷರದ ಮನೆ ಎಂದು ಕರೆಯೋಣ.

2010ರಲ್ಲಿ ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್ ಮತ್ತು ಸಂಗಡಿಗರು ಬ್ರೆಜಿಲ್ ಹಾಗೂ ಪೋರ್ಚುಗಲ್‌ನಲ್ಲಿ ಓದು ಬಾರದ ವಯಸ್ಕರನ್ನು, ದೊಡ್ಡವರಾದ ಮೇಲೆ ಓದು ಕಲಿತವರನ್ನು ಮತ್ತು ಬಾಲ್ಯದಲ್ಲೇ ಕಲಿತವರನ್ನು ಹೋಲಿಸಿದರು. ಓದು ಬಂದಷ್ಟೂ ಈ ಪಟ್ಟಿ ಅಕ್ಷರಕ್ಕೆ ಹೆಚ್ಚು ಮಿಡಿಯುತ್ತಿತ್ತು. ತಡವಾಗಿ ಕಲಿತವರಲ್ಲೂ ಹಾಗೆಯೇ. ನಮ್ಮ ದೇಶದಲ್ಲೂ, ಲಖನೌ ಬಳಿಯ ಹಳ್ಳಿಗಳಲ್ಲಿ ಓದು ಬಾರದ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಕಲಿಸಿದಾಗ ಮಿದುಳಿನ ಆಳದ ಭಾಗಗಳಲ್ಲೂ ಬದಲಾವಣೆ ಕಂಡದ್ದು 2017ರಲ್ಲಿ ಪ್ರಕಟವಾಯಿತು.

ಅಕ್ಷರದ ಮನೆ ಒಂಟಿಯಾಗಿದ್ದರೆ ಪ್ರಯೋಜನವಿಲ್ಲ. ಉಲಿಯನ್ನು ಗುರುತಿಸುವ ಭಾಗಕ್ಕೆ ಅಲ್ಲಿಂದ ಒಂದು ದಾರಿ ಬೇಕು, ಅರ್ಥ ಇರುವ ಕಡೆಗೆ ಇನ್ನೊಂದು. ಮೊದಲು ಕಾಲುದಾರಿ, ಓಡಾಡುತ್ತಾ ಓಡಾಡುತ್ತಾ ಡಾಂಬರು ರಸ್ತೆ. ಪಾಠವನ್ನು ಒಪ್ಪಿಸುವ ಮಗು ಈ ದಾರಿಯನ್ನು ತುಳಿಯುವುದೇ ಇಲ್ಲ, ನೆನಪಿನಿಂದ ನೇರವಾಗಿ ಬಾಯಿಗೆ ಬಂದುಬಿಡುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಆ ದಾರಿಯನ್ನು ತುಳಿಸುವ ಉಪಾಯಗಳು.

ಹೆಜ್ಜೆ 1: ಪುಸ್ತಕಕ್ಕೂ ಮೊದಲು ಕಿವಿ

ಮೂರೂವರೆ, ನಾಲ್ಕು ವರ್ಷದ ಮಗುವಿಗೆ 'ಕಮಲ' ಎಂಬುದು ಒಂದೇ ಉಂಡೆ. ಅದರೊಳಗೆ ಕ, ಮ, ಲ ಎಂಬ ತುಂಡುಗಳಿವೆ ಎಂದು ಕಿವಿಗೆ ತಿಳಿಯದಿದ್ದರೆ ಪಾಟಿಯ ಮೇಲಿನ ಗೆರೆ ಯಾವುದಕ್ಕೆ ಅಂಟಿಕೊಳ್ಳಬೇಕು? ಆದ್ದರಿಂದ ಮೊದಲು ಚಪ್ಪಾಳೆ. ಮನೆಯವರ ಹೆಸರುಗಳನ್ನು ತಟ್ಟಿ ಹೇಳಿಸಿ. ಹೆಸರಿಗೆ ಎಷ್ಟು ಅಕ್ಷರವೋ ಅಷ್ಟು ಚಪ್ಪಾಳೆ.

ನಂತರ ಎರಡನೆಯ ಅಕ್ಷರದ ಆಟ. ನಮ್ಮ ಹಳೆಯ ಕವಿಗಳು ಪ್ರಾಸ ಕಟ್ಟುತ್ತಿದ್ದದ್ದು ಸಾಲಿನ ಎರಡನೆಯ ಅಕ್ಷರಕ್ಕೆ. ಮಕ್ಕಳಿಗೂ ಅದು ಸಲೀಸು. ನೀವು 'ಮನೆ' ಎನ್ನಿ, ಮಗು 'ಆನೆ' ಎನ್ನಲಿ, 'ಕೊನೆ' ಎನ್ನಲಿ, ಇಲ್ಲದ ಪದವೊಂದನ್ನು ಹುಟ್ಟಿಸಿ ನಗಲಿ. ಮೂರನೆಯದು ಕಳವಿನ ಆಟ. "'ಮಲಗು' ಪದದಿಂದ 'ಮ' ಕದ್ದರೆ ಉಳಿಯುವುದೇನು?" ಐದು ವರ್ಷದ ಮಗು ಕೊಂಚ ತಡವರಿಸಿ 'ಲಗು' ಎಂದರೆ ಕಿವಿ ಸಿದ್ಧವಾಗಿದೆ ಎಂದೇ ಲೆಕ್ಕ.

'ಕ'ದೊಳಗಿನ 'ಕ್' ಮತ್ತು 'ಅ'ಗಳನ್ನು ಬಿಡಿಸಿ ಹೇಳು ಎಂದು ಈ ವಯಸ್ಸಿನಲ್ಲಿ ಕಾಡಬೇಡಿ. ಇಂಗ್ಲಿಷ್ ಕಲಿಸುವ ಪುಸ್ತಕಗಳು ಅದನ್ನು ಮೊದಲ ದಿನವೇ ಕೇಳುತ್ತವೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು, ಕನ್ನಡ ಓದುವ ಮಕ್ಕಳಲ್ಲಿ ಈ ಸೂಕ್ಷ್ಮ ನಿಧಾನವಾಗಿ, ಅಕ್ಷರಜ್ಞಾನ ಬಲಿತಂತೆಲ್ಲ ಬರುತ್ತದೆ ಎಂದು.

ಹೆಜ್ಜೆ 2: ಐದು ಅಕ್ಷರ, ಆ ದಿನವೇ ಪದ

ವರ್ಣಮಾಲೆಯ ಸಾಲು ವೈಯಾಕರಣರ ಅದ್ಭುತ. ಬಾಯಿಯೊಳಗೆ ಉಲಿ ಹುಟ್ಟುವ ಜಾಗದ ಪ್ರಕಾರ ಜೋಡಿಸಿದ್ದಾರೆ. ಆದರೆ ಓದು ಕಲಿಯುವವರಿಗೆ ಅದು ಒಳ್ಳೆಯ ಸಾಲಲ್ಲ. ಅ ಆ ಇ ಈ ಕಲಿತರೆ ಎಷ್ಟು ಪದ ಓದಬಹುದು? ಹತ್ತಿರ ಹತ್ತಿರ ಸೊನ್ನೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ ಕಲಿ ಪದ್ಧತಿಯ ಶಿಕ್ಷಕರಿಗೆ, ತಾವು ಮೊದಲು ಕಲಿಸುವ 'ರ ಗ ಸ ದ ಅ' ಎಂದರೆ ಸಾಕು, ಮುಖದಲ್ಲಿ ನಗು ಬರುತ್ತದೆ. ಈ ಐದರಿಂದ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ. ಮುಂದಿನ ಗುಂಪು 'ಜ ವ ಮ ಬ ನ' ಸೇರಿದರೆ ಮರ, ಜನ, ವನ, ಬಸವ. ಹತ್ತು ಅಕ್ಷರಕ್ಕೆ ಮಗು ಓದುಗ.

ನನ್ನ ತಂಗಿಯ ಮಗಳನ್ನು ಮತ್ತೆ ಇಲ್ಲಿಂದಲೇ ಶುರು ಮಾಡಿಸಿದೆ. ರಟ್ಟಿನ ತುಂಡುಗಳ ಮೇಲೆ ಗ, ರ, ಗ, ಸ ಬರೆದು ದೂರ ದೂರ ಇಟ್ಟೆ. ಒಂದೊಂದನ್ನೂ ಸರಿಯಾಗಿ ಹೇಳಿದಳು. "ಸೇರಿಸಿ ಹೇಳು" ಎಂದರೆ "ಗಸ" ಎಂದಳು. ನಡುವಿನದು ನೆನಪಿನಿಂದ ಜಾರಿತ್ತು. ತುಂಡುಗಳನ್ನು ಹತ್ತಿರ ಸರಿಸಿದೆ. "ಗ... ರ... ಗ... ಸ." ಇನ್ನೂ ಹತ್ತಿರ. "ಗರ. ಗಸ." ಒಂದಕ್ಕೊಂದು ತಾಗಿಸಿದೆ. ಅವಳು ಸುಮ್ಮನೆ ನೋಡುತ್ತಾ ಕುಳಿತಳು, ಆಮೇಲೆ ಒಮ್ಮೆಲೇ "ಗರಗಸ! ತಾತನ ಹತ್ತಿರ ಇದೆ!" ಎಂದು ಕೂಗಿದಳು. ಗೆರೆ ಉಲಿಯಾಗಿ, ಉಲಿ ತಾತನ ಅಟ್ಟದ ಮೇಲಿನ ಗರಗಸವಾದ ಗಳಿಗೆ ಅದು. ಕಲಿಸುವವರು ಕಾಯಬೇಕಾದದ್ದು ಈ ಕೂಗಿಗೆ.

ಚಿತ್ರವಿರುವ ಚಾರ್ಟನ್ನು ಗೋಡೆಯಿಂದ ಕಿತ್ತು ಎಸೆಯಿರಿ ಎನ್ನುವುದಿಲ್ಲ, ಆದರೆ ಓದಿಸುವಾಗ ಚಿತ್ರ ಮುಚ್ಚಿ. ಕಣ್ಣು ಸೋಮಾರಿ. ಆನೆಯ ಚಿತ್ರವಿದ್ದರೆ 'ಆನೆ' ಎಂದು ಬರೆದದ್ದನ್ನು ನೋಡುವ ಗೋಜಿಗೇ ಹೋಗುವುದಿಲ್ಲ. ಪದದ ಒಟ್ಟು ಆಕಾರವನ್ನೇ ನೆನಪಿಡಿಸುವ ಪದ್ಧತಿಯ ಬಗ್ಗೆಯೂ ನನಗೆ ತಕರಾರಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕ ಬ್ರೂಸ್ ಮ್ಯಾಕ್‌ಕ್ಯಾಂಡ್ಲಿಸ್ ತಂಡ 2015ರಲ್ಲಿ, ಹೊಸದಾಗಿ ಸೃಷ್ಟಿಸಿದ ಲಿಪಿಯೊಂದನ್ನು ವಯಸ್ಕರಿಗೆ ಎರಡು ರೀತಿಯಲ್ಲಿ ಕಲಿಸಿ ನೋಡಿತು. ಅಕ್ಷರ-ಉಲಿ ಜೋಡಿಸಿ ಕಲಿತ ಪದಗಳಿಗೆ ಎಡಮಿದುಳಿನ ಓದಿನ ಭಾಗ ಎಚ್ಚೆತ್ತಿತು. ಇಡಿಯಾಗಿ ನೆನಪಿಟ್ಟ ಪದಗಳಿಗೆ ಬಲಮಿದುಳು. ಕಲಿಸುವ ರೀತಿಯೇ ದಾರಿಯನ್ನು ನಿರ್ಧರಿಸಿತು.

ದಿನಕ್ಕೆ ಹದಿನೈದು ನಿಮಿಷ ಸಾಕು. ಸ್ವಿಟ್ಜರ್ಲೆಂಡಿನ ಶಿಶುವಿಹಾರದ ಮಕ್ಕಳಿಗೆ ಎಂಟು ವಾರಗಳಲ್ಲಿ ಒಟ್ಟು ನಾಲ್ಕು ಗಂಟೆಗೂ ಕಡಿಮೆ ಹೊತ್ತು ಅಕ್ಷರ-ಉಲಿಯ ಆಟ ಆಡಿಸಿದ್ದಕ್ಕೇ ಅಕ್ಷರದ ಮನೆ ಮಿಡಿಯಲು ಶುರುವಾದದ್ದನ್ನು 2010ರ ಅಧ್ಯಯನವೊಂದು ದಾಖಲಿಸಿದೆ. ಭಾನುವಾರ ಎರಡು ಗಂಟೆ ಕೂಡಿಸಿ ಅಳಿಸುವ ಬದಲು ದಿನವೂ ಸ್ವಲ್ಪ, ಆಮೇಲೆ ಚೆನ್ನಾಗಿ ನಿದ್ದೆ.

ಹೆಜ್ಜೆ 3: ಕೈಗೂ ಅಕ್ಷರ ಗೊತ್ತಾಗಲಿ

ವಿಜಯದಶಮಿಯಂದು ಅಕ್ಕಿಯ ತಟ್ಟೆಯಲ್ಲಿ ಬೆರಳು ಹಿಡಿಸಿ ಬರೆಸುತ್ತೇವೆ, ಮಾರನೆಯ ದಿನದಿಂದ ಟ್ಯಾಬ್ ಕೊಡುತ್ತೇವೆ. ತಟ್ಟೆಯೇ ಮುಂದುವರಿಯಲಿ. 2012ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾರಿನ್ ಜೇಮ್ಸ್, ಇನ್ನೂ ಓದು ಬಾರದ ಐದು ವರ್ಷದ ಮಕ್ಕಳಿಂದ ಅಕ್ಷರಗಳನ್ನು ಬರೆಸಿ, ಗೆರೆಯ ಮೇಲೆ ತಿದ್ದಿಸಿ, ಕೀಲಿಮಣೆಯಲ್ಲಿ ಒತ್ತಿಸಿ ಹೋಲಿಸಿದರು. ಓದಿನ ಜಾಲ ಎಚ್ಚೆತ್ತದ್ದು ಮಗು ತಾನಾಗಿ ಬರೆದ ಅಕ್ಷರಗಳನ್ನು ಕಂಡಾಗ. ಸೊಟ್ಟಗೆ ಬರೆದರೂ ತಾನೇ ಬರೆದದ್ದಾಗಿರಬೇಕು. ಸೊಟ್ಟ ಅಕ್ಷರ ಹತ್ತು ಬಗೆಯಲ್ಲಿ ಕಂಡಾಗಲೇ ಇವೆಲ್ಲವೂ 'ಗ' ಎಂದು ಮಿದುಳು ಕಲಿಯುತ್ತದೆ.

ಮಗು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದರೆ ಗಾಬರಿ ಬೇಡ. ಎಡಕ್ಕೆ ತಿರುಗಿ ನಿಂತ ಹಸುವೂ ಬಲಕ್ಕೆ ತಿರುಗಿ ನಿಂತ ಹಸುವೂ ಒಂದೇ ಎಂದು ಗುರುತಿಸುವಂತೆ ನಮ್ಮ ಕಣ್ಣು ರೂಪುಗೊಂಡಿದೆ. ಅಕ್ಷರದ ವಿಷಯಕ್ಕೆ ಮಾತ್ರ ಈ ಹಳೆಯ ಜಾಣತನವನ್ನು ಬಿಡಬೇಕು. ಅದಕ್ಕೆ ಆರೇಳು ವರ್ಷದವರೆಗೂ ಸಮಯ ಹಿಡಿಯುವುದು ಸಹಜ.

ಕನ್ನಡದಲ್ಲಿ ದೊಡ್ಡ ಗೊಂದಲ ಬೇರೆಯದು. 'ಮ' ಮತ್ತು 'ವು', 'ವ' ಮತ್ತು 'ಮ', 'ಘ' ಮತ್ತು 'ಫ', 'ದ' ಮತ್ತು 'ಧ'. ಒಂದು ಬಾಲ, ಒಂದು ಸೀಳು, ಅಷ್ಟೇ ವ್ಯತ್ಯಾಸ. ಇಂಥ ಜೋಡಿಗಳನ್ನು, ಮೇಲಿನ ಗುಂಪಿನ ವ, ಮ ಗಳನ್ನೂ ಸೇರಿಸಿ, ಒಂದೇ ವಾರದಲ್ಲಿ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು, ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು "ಎಲ್ಲಿ ಬೇರೆ, ತೋರಿಸು" ಎನ್ನಿ. ಮಹಾಪ್ರಾಣಗಳಂತೂ ಕೊನೆಗೆ ಬರಲಿ. ಮನೆಮಾತಿನಲ್ಲಿ 'ಬೂಮಿ' ಎಂದೇ ಕೇಳಿದ ಮಗುವಿಗೆ 'ಭ' ಎಂಬ ಗೆರೆಯನ್ನು ಅಂಟಿಸಲು ಕಿವಿಯಲ್ಲಿ ಬೇರೆ ಉಲಿಯೇ ಇರುವುದಿಲ್ಲ.

ಹೆಜ್ಜೆ 4: ಕಾಗುಣಿತವನ್ನು ಅಡ್ಡ ಹಾಯಿರಿ

49 ಅಕ್ಷರ ಮುಗಿಸಿ "ನಮ್ಮ ಮಗುವಿಗೆ ಓದು ಬಂತು" ಎನ್ನುವ ಪೋಷಕರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪ. ಒತ್ತಕ್ಷರ ಇನ್ನೂ ಬಂದಿಲ್ಲ. ಇಂಗ್ಲಿಷಿನ 26 ಅಕ್ಷರಗಳ ಪರಿಚಯ ಮೊದಲ ವರ್ಷದಲ್ಲಿ ಮುಗಿಯುತ್ತದೆ. ಕನ್ನಡದ ಮಕ್ಕಳು ಮೂರು, ನಾಲ್ಕನೆಯ ತರಗತಿಯವರೆಗೂ ಅಕ್ಷರರೂಪಗಳನ್ನು ಕಲಿಯುತ್ತಲೇ ಇರುತ್ತಾರೆ. ಇದು ಹಿಂದುಳಿಯುವಿಕೆಯಲ್ಲ, ಲಿಪಿಯ ಸ್ವಭಾವ. ಅದಕ್ಕೆ ಪ್ರತಿಯಾಗಿ ನಮ್ಮ ಲಿಪಿ ಮಾತಿಗೆ ತಪ್ಪುವುದಿಲ್ಲ. ಅಕ್ಷರದ ಹೆಸರೇ ಅದರ ಉಲಿ.

442ನ್ನು ಯಾರೂ ಒಂದೊಂದಾಗಿ ನೆನಪಿಡಬೇಕಿಲ್ಲ, ಸೂತ್ರ ಹಿಡಿದರೆ ಸಾಕು. ಇಲ್ಲೇ ನಾವು ಎಡವುವುದು. 'ಕ ಕಾ ಕಿ ಕೀ' ಎಂದು ಉದ್ದಕ್ಕೆ ಹಾಡಿಸಿದರೆ ರಾಗ ಬರುತ್ತದೆ, ಸೂತ್ರ ಬರುವುದಿಲ್ಲ. 'ಕೂ' ಯಾವುದೆಂದು ಕೇಳಿ ನೋಡಿ, ಮಗು 'ಕ'ದಿಂದ ಹಾಡುತ್ತಾ ಬರುತ್ತದೆ. ಅದರ ಬದಲು ಅಡ್ಡಕ್ಕೆ ಹೋಗಿ. ಒಂದು ವಾರ ಇಳಿ ಮಾತ್ರ: ರಾ, ಗಾ, ಸಾ, ಮಾ. ಅದೇ ದಿನ ಪದ: ರಾಗ, ದಾರ, ದಾನ, ಮಾವ. ಮುಂದಿನ ವಾರ ಗುಡಿಸು, ಆಮೇಲೆ ಕೊಂಬು, ಎತ್ವ. 'ಸರ' ಬರೆದು ಒಂದು ಇಳಿ ಸೇರಿಸಿ 'ಸಾರ' ಮಾಡಿ. 'ಮರ', 'ಮಾರ'. ಒಂದು ಚಿಹ್ನೆ ಅರ್ಥವನ್ನೇ ಬದಲಿಸಿತು ಎಂದು ಕಂಡ ಮಗು ಚಿಹ್ನೆಯನ್ನು ನೋಡತೊಡಗುತ್ತದೆ.

ಸೂತ್ರ ತಪ್ಪಿಸಿಕೊಳ್ಳುವ ತುಂಟರೂ ಇದ್ದಾರೆ. ಪು, ವು ಗಳಲ್ಲಿ ಕೊಂಬು ಬುಡಕ್ಕೆ ಇಳಿಯುತ್ತದೆ. ಮಿ, ಯಿ, ಮೊ, ಯೊ ತಮ್ಮದೇ ವೇಷ ಹಾಕುತ್ತವೆ. ಇವನ್ನು ಬೇರೆ ರಟ್ಟಿನಲ್ಲಿ ಬರೆದು ಬೇರೆಯಾಗಿಯೇ ಪರಿಚಯ ಮಾಡಿಸಿ.

ಹೆಜ್ಜೆ 5: ಒತ್ತು, ಮತ್ತು ಹಿಂದೆ ನಿಂತು ಮುಂದೆ ಮಾತಾಡುವ ರ್

ಮಗು 'ಶಕ್ತಿ'ಯನ್ನು 'ಶಕಿತ' ಎಂದು ಓದಿದರೆ ಬೈಯುವ ಮೊದಲು ಪದವನ್ನು ಅದರ ಕಣ್ಣಿನಿಂದ ನೋಡಿ. ಗುಡಿಸು ಕೂತಿರುವುದು ಕ ಮೇಲೆ, ತ ಕೆಳಗಿದೆ. ಕಂಡದ್ದನ್ನು ಕಂಡ ಕ್ರಮದಲ್ಲಿ ಓದಿದೆ, ಪ್ರಾಮಾಣಿಕವಾಗಿಯೇ ಓದಿದೆ! ಉಚ್ಚರಿಸುವಾಗ ಮೇಲಿನದರ ಸ್ವರವನ್ನು ಕಳಚಿ ಕೆಳಗಿನದಕ್ಕೆ ಕೊಡಬೇಕು ಎಂಬ ಒಪ್ಪಂದ ಅದಕ್ಕೆ ಯಾರೂ ಹೇಳಿಲ್ಲ. 'ಸೂರ್ಯ' ಇನ್ನೂ ಕಠಿಣ. ಕಣ್ಣಿಗೆ ಮೊದಲು ಸಿಗುವುದು ಯ, ಅದರ ಬಲಕ್ಕೆ ಅರ್ಕಾವತ್ತು. ಬಾಯಿ ಮಾತ್ರ 'ರ್' ಅನ್ನು ಮೊದಲು ಹೇಳಬೇಕು. 'ಸೂಯರ' ಎನ್ನುವ ಮಗು ದಡ್ಡನಲ್ಲ.

ಹಾಗಾಗಿ ಸಜಾತಿಯಿಂದ, ಅಂದರೆ ಅಕ್ಷರಕ್ಕೆ ಅದರದೇ ಒತ್ತು ಬರುವ ಪದಗಳಿಂದ ಶುರು ಮಾಡಿ: ಅಕ್ಕ, ಅಪ್ಪ, ಅಜ್ಜಿ, ಹಳ್ಳ. ಕಿವಿಗೆ ಗೊತ್ತಿರುವ, ಮನೆಯಲ್ಲೇ ಓಡಾಡುವ ಪದಗಳು. 'ಹಳಿ' ಮತ್ತು 'ಹಳ್ಳಿ' ಪಕ್ಕಪಕ್ಕ ಬರೆದು ಎರಡನ್ನೂ ಹೇಳಿಸಿ, ನಾಲಿಗೆ ಎಲ್ಲಿ ತಡೆದು ನಿಲ್ಲುತ್ತದೆ ಎಂದು ಕೇಳಿ. ತ, ನ, ಮ, ಯ, ರ, ಲ ಗಳ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದಿಲ್ಲ, ಇವನ್ನು ಹೊಸ ಅಕ್ಷರಗಳೆಂದೇ ಕಲಿಸಬೇಕು. ಉಳಿದವು ಹೆಚ್ಚಾಗಿ ತಲೆಕಟ್ಟು ತೆಗೆದ ಪುಟ್ಟ ರೂಪಗಳು. ಆಮೇಲೆ ಪುಸ್ತಕ, ಶಕ್ತಿ, ಹತ್ಯಾರು. ಅರ್ಕಾವತ್ತಿಗೆ ಕೊನೆಯ ಸರದಿ. ನಾನು ಮಕ್ಕಳಿಗೆ ಮೊದಲು 'ಸೂರ್‌ಯ' ಎಂದು ಬಿಡಿಸಿ ಬರೆದು, ಅದರ ಕೆಳಗೆ 'ಸೂರ್ಯ' ಬರೆದು, ರ್ ಎಲ್ಲಿಂದ ಎಲ್ಲಿಗೆ ನೆಗೆಯಿತು ಎಂದು ಬಾಣ ಹಾಕಿಸುತ್ತೇನೆ. ಬಾಣ ಹಾಕುವ ಸಂಭ್ರಮದಲ್ಲಿ ನಿಯಮ ತಲೆಗೆ ಹೋಗುತ್ತದೆ.

ಹೆಜ್ಜೆ 6: ಉದ್ದ ಪದಕ್ಕೆ ಏಣಿ

ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ನೆಗೆಯುತ್ತದೆ. ಪಳಗಿದ ಓದುಗರ ಕಣ್ಣು ಒಂದೊಂದು ಕಡೆ ಸೆಕೆಂಡಿನ ಕಾಲು ಭಾಗದಷ್ಟು ನಿಂತು ಮುಂದಕ್ಕೆ ಜಿಗಿಯುತ್ತದೆ. ಕಲಿಯುವ ಮಗು ಪ್ರತಿ ಅಕ್ಷರಕ್ಕೂ ನಿಲ್ಲುತ್ತದೆ. 'ಓಡಾಡುತ್ತಿದ್ದನು' ಎಂಬುದರ ಕೊನೆ ಮುಟ್ಟುವಷ್ಟರಲ್ಲಿ 'ಓಡಾ' ಮನಸ್ಸಿನಿಂದ ಉದುರಿಹೋಗಿರುತ್ತದೆ, ಏಕೆಂದರೆ ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ನೆನಪಿನ ಬೊಗಸೆ ಚಿಕ್ಕದು. "ಓದುತ್ತಾಳೆ, ಆದರೆ ಏನು ಓದಿದಳೆಂದು ಹೇಳಲು ಬರುವುದಿಲ್ಲ" ಎಂಬ ದೂರಿನ ಮೂಲ ಬಹಳಷ್ಟು ಸಲ ಇದೇ.

ಕನ್ನಡದ ಪದ ಬಾಲ ಬೆಳೆಸಿಕೊಳ್ಳುತ್ತಾ ಹೋಗುವಂಥದ್ದು. ಅದನ್ನೇ ಏಣಿ ಮಾಡಿ, ಒಂದರ ಕೆಳಗೊಂದು ಬರೆಯಿರಿ:

ಮನೆ
ಮನೆಯ
ಮನೆಯಲ್ಲಿ
ಮನೆಯಲ್ಲಿದ್ದ
ಮನೆಯಲ್ಲಿದ್ದವರು

ಐದನೆಯ ಮೆಟ್ಟಿಲಿನಲ್ಲಿ ಮಗು ಏಳು ಅಕ್ಷರದ ಪದವನ್ನು ಸಲೀಸಾಗಿ ಓದಿ ತಾನೇ ಬೆರಗಾಗುತ್ತದೆ. ಹತ್ತು ಪದಕ್ಕೆ ಹೀಗೆ ಮಾಡಿದರೆ 'ಅಲ್ಲಿ', 'ಇದ್ದ', 'ಅವರು' ಎಂಬ ಬಾಲಗಳು ಒಂದೇ ನೋಟಕ್ಕೆ ಸಿಗುವ ತುಂಡುಗಳಾಗುತ್ತವೆ.

ಒಂದೇ ಚಿಕ್ಕ ಕಥೆಯನ್ನು ಮೂರು ನಾಲ್ಕು ದಿನ ಓದಿಸಿ. ತಡೆದಾಗ ಪದ ಹೇಳಿಕೊಡಬೇಡಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಎಡವಿದ ಅಕ್ಷರದ ಕೆಳಗೆ ಬೆರಳಿಡಿ. ಮಗು ತಾನಾಗಿ ಬಿಡಿಸಿದ ಪ್ರತಿ ಪದವೂ ಅದರ ಸ್ವಂತ ಆಸ್ತಿ. ಡೇವಿಡ್ ಶೇರ್ ಎಂಬ ವಿದ್ವಾಂಸರು 1995ರಲ್ಲಿ ಇದನ್ನು 'ಸ್ವಯಂಕಲಿಕೆ' ಎಂದು ವಿವರಿಸಿದರು.

ಹೆಜ್ಜೆ 7: ಪುಸ್ತಕದ ಕನ್ನಡವನ್ನು ಕಿವಿಗೆ ಹಾಕಿ

ಇದು ಏಳನೆಯದಾಗಿ ಬಂದರೂ ಮಗು ಮಡಿಲಲ್ಲಿ ಕೂರುವ ದಿನದಿಂದ ನಡೆಯಬೇಕಾದದ್ದು. ಮನೆಯಲ್ಲಿ ಮಗು ಕೇಳುವುದು 'ಬರ್ತೀನಿ', ಧಾರವಾಡದಲ್ಲಿ 'ಬರ್ತೇನಿ'. ಪುಸ್ತಕದಲ್ಲಿರುವುದು 'ಬರುತ್ತೇನೆ'. ಅಕ್ಷರ ಕೂಡಿಸಿ 'ಬರುತ್ತೇನೆ' ಎಂದರೂ ಅದು ತನ್ನದೇ ಮಾತು ಎಂದು ಗುರುತು ಹತ್ತುವುದಿಲ್ಲ. ದಿನವೂ ರಾತ್ರಿ ಒಂದು ಕಥೆಯನ್ನು ಪುಸ್ತಕದಲ್ಲಿದ್ದಂತೆಯೇ ಓದಿ ಹೇಳಿದರೆ ಈ ಎರಡನೆಯ ಕನ್ನಡವೂ ಒಳಗೆ ಸೇರುತ್ತದೆ.

ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟರು. ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ತಿಳಿಯುವ ಶಕ್ತಿಯಿಂದ ಗುಣಿಸಿದರೆ ಓದು. ಗುಣಾಕಾರವಾದ್ದರಿಂದ ಯಾವುದೊಂದು ಸೊನ್ನೆಯಾದರೂ ಉತ್ತರ ಸೊನ್ನೆ. ಹೊರದೇಶದ ವಾರಾಂತ್ಯದ ಕನ್ನಡ ಶಾಲೆಗಳ ಮಕ್ಕಳಲ್ಲಿ ಕೆಲವರು ಲಿಪಿಯನ್ನು ಬೇಗ ಹಿಡಿದರೂ ಕಥೆ ತಿಳಿಯದೆ ಒದ್ದಾಡುವುದು ಇದಕ್ಕೇ. ಅವರಿಗೆ ಇನ್ನಷ್ಟು ಕಾಗುಣಿತ ಬೇಡ, ಫೋನಿನಲ್ಲಿ ಅಜ್ಜಿಯ ಮಾತು ಬೇಕು.

ಇಂಗ್ಲಿಷ್ ಜೊತೆಗೇ ಬಂದರೆ ತೊಂದರೆಯೇ ಎಂದು ಕೇಳುವವರಿದ್ದಾರೆ. ತೊಂದರೆಯಿಲ್ಲ. ಅಕ್ಷರಕ್ಕೂ ಉಲಿಗೂ ನಂಟಿದೆ ಎಂಬ ತಿಳಿವು ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಎರಡನ್ನೂ ಒಂದೇ ಕೂರುವಿಕೆಯಲ್ಲಿ ಕಲಸದಿದ್ದರೆ ಸಾಕು.

ಯಾವಾಗ ತಜ್ಞರ ಬಳಿ ಹೋಗಬೇಕು

ಮೊದಲು ಕಣ್ಣು, ಕಿವಿ ಪರೀಕ್ಷೆ. ಅವು ಸರಿಯಿದ್ದು, ವರ್ಷವಿಡೀ ಹೀಗೆ ಕಲಿಸಿದ ಮೇಲೂ ಮಗು ಪದ ಕೂಡಿಸಲು ಏದುಸಿರು ಬಿಡುತ್ತಿದ್ದರೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಸರಿಯಿದ್ದೂ ಓದು ಹತ್ತದ ತೊಂದರೆ, ಇರಬಹುದು. ಕನ್ನಡದಂಥ ಉಲಿಗೆ ನಿಷ್ಠವಾದ ಲಿಪಿಯಲ್ಲಿ ಅದು ತಪ್ಪಿಗಿಂತ ಹೆಚ್ಚಾಗಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ, ಹಾಗಾಗಿ "ಸೋಮಾರಿ" ಎಂಬ ಹಣೆಪಟ್ಟಿ ಬೇಗ ಬೀಳುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಪರೀಕ್ಷಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಎರಡನೆಯ ತರಗತಿ ಮುಗಿಯುವವರೆಗೆ "ತಾನೇ ಸರಿಹೋಗುತ್ತದೆ" ಎಂದು ಕಾಯಬೇಡಿ.

ದಾರಿ ಸಿದ್ಧವಾಯಿತೆಂದು ತಿಳಿಯುವುದು ಹೇಗೆ

ಓದು ಪೂರ್ತಿ ಒಗ್ಗಿದ ಮೇಲೆ ಅದು ನಮ್ಮ ಮಾತು ಕೇಳುವುದಿಲ್ಲ. ಅಕ್ಷರ ಕಣ್ಣಿಗೆ ಬಿದ್ದರೆ ಓದದೆ ಇರಲು ಆಗುವುದೇ ಇಲ್ಲ. ಮಗು ಸೋಪಿನ ಹೊದಿಕೆ, ಲಾರಿಯ ಬೆನ್ನು, ಬಸ್ಸಿನ ಫಲಕ ಎಲ್ಲವನ್ನೂ ಕೇಳದೆಯೇ ಓದತೊಡಗಿದರೆ ನಿಮ್ಮ ಕೆಲಸ ಬಹುಪಾಲು ಮುಗಿಯಿತು.

ಗರಗಸದ ದಿನದಿಂದ ಹತ್ತು ತಿಂಗಳಾದ ಮೇಲೆ ತಂಗಿಯ ಮಗಳ ಕೈ ಹಿಡಿದು ಮಾರುಕಟ್ಟೆಗೆ ಹೊರಟಿದ್ದೆ. ಉದ್ದನೆಯ ಕಾಂಪೌಂಡ್ ಗೋಡೆಯ ಮುಂದೆ ಅವಳ ನಡಿಗೆ ನಿಧಾನವಾಯಿತು. "ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು" ಎಂದು ರಸ್ತೆಗೆಲ್ಲ ಕೇಳುವಂತೆ ಓದಿದಳು. ಮೂತ್ರದ ಒತ್ತೂ ತಪ್ಪಲಿಲ್ಲ, ವಿಸರ್ಜನೆಯ ಅರ್ಕಾವತ್ತೂ ತಪ್ಪಲಿಲ್ಲ. ಎದುರಿನ ಅಂಗಡಿಯವರು ತಲೆಯೆತ್ತಿ ನೋಡಿದರು. ನಾನು ಬೇಗ ಬೇಗ ಹೆಜ್ಜೆ ಹಾಕಿದೆ. ಅವಳು ಕೈ ಜಗ್ಗಿ ನಿಲ್ಲಿಸಿ ಕೇಳಿದಳು: "ದೊಡ್ಡಮ್ಮ, ಗಣಪತಿಗೆ ಮಾಡುತ್ತಾರಲ್ಲ, ಅದೇ ವಿಸರ್ಜನೆಯೇ?"